ಸೋತು ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಿದ್ದರು?

ಆ ವರ್ಷ ಮಳೆಗೆ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದಿತ್ತು. ಬೆಂಗಳೂರಿನಿಂದ ಹೊರಟ ನಮ್ಮ ಬಸ್ಸು ಹಾಸನದ ದಾರಿ ಬಿಟ್ಟು ಮೈಸೂರು, ಮಡಿಕೇರಿ ಸುತ್ತಿಕೊಂಡು ಮಂಗಳೂರಿಗೆ ಬರಬೇಕಾಯಿತು. ಮದ್ದೂರು ದಾಟಿತ್ತು, ಮಂಡ್ಯ ಇನ್ನೂ ಬಂದಿರಲಿಲ್ಲ. ಹನಕೆರೆ ಹತ್ತಿರ ಹಿಂದಿನ ಟಯರು ಪಂಕ್ಚರ್ ಆಯಿತು.

ಬಸ್ಸಿನಲ್ಲಿದ್ದ ನಾವು ಹದಿನಾರು ಮಂದಿ ಕಾಲೇಜು ಹುಡುಗರು, ಜೊತೆಗೆ ನಮ್ಮ ಪಿ.ಟಿ. ಮಾಸ್ಟ್ರು. ಬೆಂಗಳೂರಿನ ಟೂರ್ನಮೆಂಟಿನಲ್ಲಿ ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ತಿಂದು ಮನೆಗೆ ಹೊರಟವರು. ಮಾಸ್ಟ್ರು ಮುಂದಿನ ಸೀಟಿನಲ್ಲಿ ಕೂತು ಬೆಳಿಗ್ಗೆಯಿಂದ ಒಂದು ಮಾತಾಡಿರಲಿಲ್ಲ. ನಮ್ಮ ಬಲಬದಿಯ ಫಾರ್ವರ್ಡ್ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಮಲಗಿದ್ದ.

ಇಳಿದು ನೋಡಿದರೆ ಎರಡೂ ಬದಿಗೆ ಕಬ್ಬಿನ ಗದ್ದೆ. ರಸ್ತೆ ಬದಿಯಲ್ಲಿ ಒಂದು ಚಹಾದಂಗಡಿ, ಅದರ ಹಿಂದಿನ ಬಯಲಿನಲ್ಲಿ ಊರಿನ ಹುಡುಗರು ಕಬಡ್ಡಿ ಆಡುತ್ತಿದ್ದರು. ನಮ್ಮ ಜೆರ್ಸಿ ನೋಡಿ ಆಟ ನಿಲ್ಲಿಸಿ ಬಂದರು.

“ಯಾವೂರು?”

“ಮಂಗಳೂರು.”

“ಗೆದ್ರಾ, ಸೋತ್ರಾ?”

“ಸೋತು ಬಂದದ್ದು.”

“ಸೋತ್ರೆ ಏನೀಗ? ಮುಂದಿನ ವರ್ಸ ಗೆದ್ಕಂಡ್ ಬರ್ರಿ. ಬಾಲ್ ಐತಾ? ತಗೀರಿ, ಒಂದಾಟ ಆಗೋಗ್ಲಿ.”

ಟಯರು ಬದಲಾಯಿಸುವಷ್ಟು ಹೊತ್ತು ಆ ಬಯಲಿನಲ್ಲಿ ಬರಿಗಾಲಿನಲ್ಲಿ ಆಡಿದೆವು. ಅವರಿಗೆ ಫುಟ್ಬಾಲಿನ ನಿಯಮ ಅಷ್ಟಕ್ಕಷ್ಟೆ, ನಮಗೆ ಮನಸ್ಸಿರಲಿಲ್ಲ. ಆದರೂ ಹತ್ತು ನಿಮಿಷದಲ್ಲಿ ನಗು ಬಂತು. ಹೊರಡುವಾಗ ಚಹಾದ ದುಡ್ಡನ್ನು ಅವರೇ ಕೊಟ್ಟರು. ಬಸ್ಸು ಹೊರಟಾಗ ಕೈ ಬೀಸಿ ಕೂಗಿದರು. ನಮ್ಮ ಹೆಸರು ಅವರಿಗೆ ಗೊತ್ತಿರಲಿಲ್ಲ. ‘ಮಂಗಳೂರು, ಮಂಗಳೂರು’ ಎಂದೇ ಕೂಗಿದ್ದು.

ಮರುದಿನ ಮುಂಜಾನೆ ಮಂಗಳೂರಿನಲ್ಲಿ ಇಳಿದೆವು. ಬಸ್‌ಸ್ಟ್ಯಾಂಡಿನಲ್ಲಿ ನಮಗಾಗಿ ಒಂದು ನರಪಿಳ್ಳೆಯೂ ಇರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಜಿಲ್ಲೆಯ ಫೈನಲ್ ಗೆದ್ದಾಗ ಇದೇ ನಮ್ಮನ್ನು ಹೆಗಲ ಮೇಲೆ ಹೊತ್ತು, ಪಟಾಕಿ ಸಿಡಿಸಿ, ಪಿಕಪ್ಪಿನಲ್ಲಿ ಮೆರವಣಿಗೆ ಮಾಡಿದ್ದರು. ಅವರೆಲ್ಲ ಎಲ್ಲಿ ಹೋದರು ಎಂದು ಅಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಇಷ್ಟು ವರ್ಷದ ಮೇಲೆ ಕೇಳಬೇಕು ಅನಿಸಿದೆ. ಯಾಕೆಂದರೆ ಇವತ್ತು ನಮ್ಮ ಮನೆಗಳ ಹುಡುಗರು ಅದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾರೆ.

ಕಾಲೇಜಿನ ತಂಡವೋ, ಊರಿನ ತಂಡವೋ?

ನೆಹರೂ ಮೈದಾನದಲ್ಲಿ ಕಾಲೇಜು ಹುಡುಗರ ಪಂದ್ಯ ನೋಡಿದವರಿಗೆ ಇದು ಗೊತ್ತಿರುವ ವಿಷಯ. ಗೋಲು ಬಿದ್ದಾಗ ಕೂಗುವವರಲ್ಲಿ ಆ ಕಾಲೇಜಿನ ವಿದ್ಯಾರ್ಥಿಗಳು ಬೆರಳೆಣಿಕೆ. ಉಳಿದವರೆಲ್ಲ ಊರಿನವರು. ಹುಡುಗ ಕಸಬಾ ಬೆಂಗ್ರೆಯವನಾದರೆ ಬೆಂಗ್ರೆಯ ಜನ ಬಂದರಿಗೆ ಫೆರಿ ದೋಣಿಯಲ್ಲಿ ದಾಟಿ, ಅಲ್ಲಿಂದ ನಡೆದು ಬಂದಿರುತ್ತಾರೆ. ಹುಡುಗ ಉಳ್ಳಾಲದವನಾದರೆ ಉಳ್ಳಾಲದವರು, ಕುದ್ರೋಳಿಯವನಾದರೆ ಕುದ್ರೋಳಿಯವರು. ಮೀನು ಇಳಿಸಿ ಕೈ ತೊಳೆದು ಬಂದವರು, ಅಂಗಡಿಯನ್ನು ತಮ್ಮನ ಕೈಯಲ್ಲಿ ಬಿಟ್ಟು ಬಂದವರು, ಅಸರ್ ಮುಗಿಸಿ ಬಂದ ಕಾಕಂದಿರು. ಕಾಲೇಜಿನ ಹೆಸರು ಕೇಳಿದರೆ ಅರ್ಧ ಮಂದಿಗೆ ಗೊತ್ತಿರುವುದಿಲ್ಲ. “ನಮ್ಮ ಹುಡುಗ ಆಡುವುದುಂಟು, ಅಷ್ಟೆ ಮಾರಾಯ” ಎನ್ನುತ್ತಾರೆ.

ಬೆಂಗ್ರೆಯ ಮಾತು ಬೇರೆಯೇ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಪಟ್ಟಿ. ಅಲ್ಲಿ ನಡೆಯಲು ಕಲಿತ ಮಗುವಿಗೆ ಚೆಂಡು ಒದೆಯಲು ಬೇರೆ ಕಲಿಸಬೇಕಾಗಿಲ್ಲ. ಮರಳಿನಲ್ಲಿ ಓಡಿ ಬೆಳೆದ ಕಾಲು ಹುಲ್ಲಿನ ಮೇಲೆ ಹಾರುತ್ತದೆ. ವಿಶ್ವಕಪ್ ಬಂತೆಂದರೆ ಅಲ್ಲಿ ಬ್ರೆಜಿಲ್, ಅರ್ಜೆಂಟೀನದ ಬಾವುಟಗಳು ಏಳುತ್ತವೆ. ಇಂಥ ಊರುಗಳ ಹುಡುಗರೇ ನಮ್ಮ ಕರಾವಳಿಯ ಎಷ್ಟೋ ಕಾಲೇಜು ತಂಡಗಳ ಬೆನ್ನೆಲುಬು.

ಈ ಅಭಿಮಾನಕ್ಕೆ ದೊಡ್ಡ ಶಕ್ತಿ ಉಂಟು. ಹುಡುಗ ಪಿಯುಸಿಗೆ ಒಂದು ಕಾಲೇಜು, ಡಿಗ್ರಿಗೆ ಇನ್ನೊಂದು ಕಾಲೇಜು ಸೇರಿದರೂ ಊರಿನವರು ಅವನ ಹಿಂದೆಯೇ ಹೋಗುತ್ತಾರೆ, ಕೈ ಬಿಡುವುದಿಲ್ಲ. ಆದರೆ ಇದರಲ್ಲೇ ಒಂದು ತೊಡಕೂ ಉಂಟು. ಹುಡುಗ ಕಾಲೇಜು ಬಿಟ್ಟ ದಿನ ಆ ಜನವೂ ಕಾಲೇಜು ಬಿಟ್ಟು ಹೋಗುತ್ತದೆ. ಮೂರು ವರ್ಷ ಕಪ್ ಎತ್ತಿದ ಕಾಲೇಜು ನಾಲ್ಕನೇ ವರ್ಷ ಮೈದಾನದಲ್ಲಿ ಕಾಣುವುದೇ ಇಲ್ಲ. ಹಿಂದೆ ಆಡಿದವರ ಪಟ್ಟಿ ಇಲ್ಲ, ಫೋಟೋ ಇಲ್ಲ, ಕಪ್ಪುಗಳು ಆಫೀಸಿನ ಬೀರುವಿನಲ್ಲಿ ಧೂಳು ಹಿಡಿದಿರುತ್ತವೆ. ಗೆಲುವು ಬಂದು ಹೋಗುತ್ತದೆ, ಪರಂಪರೆಯಾಗಿ ಉಳಿಯುವುದಿಲ್ಲ.

ಮರೆತುಹೋದ ಒಂದು ದೊಡ್ಡ ಗೆಲುವು

ಗೆಲುವು ಉಳಿಯದೇ ಹೋಗುವುದು ಕಾಲೇಜುಗಳ ಕಥೆ ಮಾತ್ರ ಅಲ್ಲ. ಬೆಂಗಳೂರಿನ ಒಂದು ಹಳೆಯ ಕ್ಲಬ್ಬಿನ ಸಂಗತಿ ಕೇಳಿ.

ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಶುರುವಾದ ಟೂರ್ನಮೆಂಟು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ರಿಟಿಷ್ ಪಟಾಲಮ್ಮುಗಳ ಬೂಟುಕಾಲಿನ ತಂಡಗಳೇ ಅದನ್ನು ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಮೊದಲು ಗೆದ್ದ ಭಾರತೀಯ ಕ್ಲಬ್ಬು ಯಾವುದು? ಮೋಹನ್ ಬಗಾನ್ ಅಲ್ಲ. ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಅಂದು ಮೊಹಮ್ಮಡನ್ ಎಂದರೆ ಸಾಮಾನ್ಯ ತಂಡವಲ್ಲ. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ. ಆ ತಂಡದಲ್ಲೂ ಬೆಂಗಳೂರಿನ ಆಟಗಾರರಿದ್ದರು. ಮರುವರ್ಷ 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮತ್ತೆ ರೋವರ್ಸ್ ಕಪ್ ಗೆದ್ದರು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮೋಹನ್ ಬಗಾನನ್ನು ಸೋಲಿಸಿ ಮೂರನೇ ಸಲ ಗೆದ್ದರು.

ಅದೇ 1948ರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಆಡಿದರು. ಆಮೇಲೆ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋಗಿ ಅಲ್ಲಿ ಮನೆಮಾತಾದರು. ಮೈಸೂರು ರಾಜ್ಯದ ತಂಡ 1946-47, 1952-53, 1967-68, 1968-69, ಹೀಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಎತ್ತಿತು.

ಈಗ ನಮ್ಮ ಮನೆಯ ಹುಡುಗರನ್ನು ಕೇಳಿ ನೋಡಿ. ಮೆಸ್ಸಿ ಯಾವ ವರ್ಷ ಯಾವ ಕ್ಲಬ್ಬಿನಲ್ಲಿದ್ದ ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಬೆಂಗಳೂರು ಮುಸ್ಲಿಮ್ಸ್ ಎಂದರೆ “ಅದು ಎಂತದ್ದು?” ಎಂದು ನಮ್ಮನ್ನೇ ಕೇಳುತ್ತಾರೆ. ಹುಡುಗರ ತಪ್ಪಲ್ಲ. ನಾವು ಹೇಳಿದ್ದರೆ ತಾನೆ ಅವರಿಗೆ ಗೊತ್ತಿರುವುದು? ಗೆದ್ದವರು ಗೆದ್ದರು. ಅದನ್ನು ಎತ್ತಿಟ್ಟುಕೊಂಡು ಮುಂದಿನವರ ಕೈಗೆ ಕೊಡುವ ಕೆಲಸವನ್ನು ಯಾರೂ ಹಿಡಿದು ಮಾಡಲಿಲ್ಲ.

ಕಲ್ಲಿಕೋಟೆಯವರು ಮಾಡಿದ್ದೇನು?

ಎತ್ತಿಟ್ಟುಕೊಂಡವರೂ ಇದ್ದಾರೆ. ಹೆಚ್ಚು ದೂರ ಹೋಗಬೇಕಾಗಿಲ್ಲ, ಕಾಸರಗೋಡು, ಕಣ್ಣೂರು ದಾಟಿದರೆ ಸಾಕು.

ನಮ್ಮ ದೇಶದಲ್ಲಿ ಕಾಲೇಜು ಫುಟ್ಬಾಲಿನ ಅತಿ ದೊಡ್ಡ ಬಹುಮಾನ ಅಶುತೋಷ್ ಮುಖರ್ಜಿ ಟ್ರೋಫಿ. ಮೊದಲು ಕಾಲೇಜುಗಳು ತಮ್ಮೊಳಗೆ ಆಡುತ್ತವೆ. ಅದರಲ್ಲಿ ಒಳ್ಳೆಯ ಆಟಗಾರರನ್ನು ಆರಿಸಿ ವಿಶ್ವವಿದ್ಯಾನಿಲಯದ ತಂಡ ಮಾಡುತ್ತಾರೆ. ಆ ತಂಡಗಳು ವಲಯ ಮಟ್ಟದಲ್ಲಿ ಆಡಿ, ಅಲ್ಲಿ ಮುಂದೆ ಬಂದವು ಅಖಿಲ ಭಾರತ ಮಟ್ಟಕ್ಕೆ ಹೋಗುತ್ತವೆ. ನಮ್ಮ ಮಂಗಳೂರು ವಿಶ್ವವಿದ್ಯಾನಿಲಯ ಇರುವುದು ದಕ್ಷಿಣ ವಲಯದಲ್ಲಿ. ಕಲ್ಲಿಕೋಟೆ ಇರುವುದೂ ಅದೇ ವಲಯದಲ್ಲಿ. ಹಾಗಾಗಿ ನಮ್ಮ ಹುಡುಗರು ಮೇಲೆ ಹೋಗಬೇಕಾದರೆ ಅವರಂಥವರನ್ನು ದಾಟಿಯೇ ಹೋಗಬೇಕು.

ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಹುಟ್ಟಿದ್ದು 1968ರಲ್ಲಿ. 1971ರಲ್ಲೇ ಈ ಟ್ರೋಫಿ ಗೆದ್ದಿತು. ಆ ತಂಡದ ನಾಯಕ ಗೋಲ್‌ಕೀಪರ್ ವಿಕ್ಟರ್ ಮಂಜಿಲ. ಎರಡು ವರ್ಷ ಕಳೆದು 1973ರಲ್ಲಿ ಕೇರಳ ಮೊದಲ ಬಾರಿ ಸಂತೋಷ್ ಟ್ರೋಫಿ ಗೆದ್ದಾಗ ಆ ತಂಡದಲ್ಲೂ ಅವರಿದ್ದರು. ಮುಂದೆ ಅವರೇ ತಾವು ಆಡಿದ ವಿಶ್ವವಿದ್ಯಾನಿಲಯಕ್ಕೆ ತರಬೇತುದಾರರಾಗಿ ಮರಳಿ ಬಂದರು. ಮತ್ತೆ ಮತ್ತೆ ಆ ಟ್ರೋಫಿ ಕಲ್ಲಿಕೋಟೆಗೆ ಬಂತು.

ಗಮನಿಸಬೇಕಾದದ್ದು ಇಲ್ಲಿ. ಆಡಿದವನು ಕಲಿಸಲು ವಾಪಸು ಬಂದ. ಅವನ ಕೈಯಲ್ಲಿ ಕಲಿತವರು ಬೇರೆ ಕಾಲೇಜುಗಳಿಗೆ, ಕ್ಲಬ್ಬುಗಳಿಗೆ ಹೋದರು. ಅತ್ತ ಕೇರಳ ಪೊಲೀಸ್ 1984ರಲ್ಲಿ ತಂಡ ಕಟ್ಟಿ ಒಳ್ಳೆಯ ಆಟಗಾರರಿಗೆ ನೌಕರಿ ಕೊಟ್ಟಿತು. ಆ ತಂಡ 1990 ಮತ್ತು 1991ರಲ್ಲಿ ಸತತವಾಗಿ ಫೆಡರೇಷನ್ ಕಪ್ ಗೆದ್ದಿತು. ಚೆಂಡು ಒದ್ದರೆ ಕಾಲೇಜಿನಲ್ಲಿ ಸೀಟು, ಸೀಟಿನಿಂದ ಡಿಗ್ರಿ, ಡಿಗ್ರಿ ಜೊತೆಗೆ ನೌಕರಿಯ ದಾರಿ ಎಂದು ಮಲಪ್ಪುರದ ಉಮ್ಮಂದಿರ ಕಣ್ಣಿಗೇ ಕಾಣುವಂತಾಯಿತು. ಮಗ ಸಂಜೆ ಬೂಟು ಹಿಡಿದು ಹೊರಟಾಗ ಅವರು ಯಾಕೆ ತಡೆಯಬೇಕು?

ಕೊಡಗಿನ ಹಾಕಿಯನ್ನೂ ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ಟೂರ್ನಮೆಂಟ್ ಶುರು ಮಾಡಿದಾಗ ಬಂದದ್ದು 60 ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ಪ್ರತಿವರ್ಷ ಒಂದೊಂದು ಕುಟುಂಬ ಹೊಣೆ ಹೊತ್ತು ನಡೆಸುತ್ತದೆ. ಮೊದಲ ಸುತ್ತಿನಲ್ಲೇ ಸೋಲುವುದು ಗೊತ್ತಿದ್ದರೂ ಮನೆತನದ ಹೆಸರಿಗಾಗಿ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಬರುತ್ತಾರೆ. ಕಪ್ ಒಂದೇ ಕುಟುಂಬಕ್ಕೆ. ಆದರೆ ಮರುವರ್ಷ ಸೋತ ಕುಟುಂಬಗಳೂ ಹಾಜರ್.

ಏಳು ಗೋಲಿನ ಆಮೇಲೆ

ಸೋತವರ ಜೊತೆ ನಿಲ್ಲುವುದರ ಬೆಲೆ ಏನೆಂದು ನಮ್ಮ ರಾಜ್ಯದ ತಂಡವೇ ಈಚೆಗೆ ತೋರಿಸಿತು.

2022ರ ಏಪ್ರಿಲ್ 28. ರಂಝಾನ್ ತಿಂಗಳು. ಮಲಪ್ಪುರಂ ಜಿಲ್ಲೆಯ ಮಂಜೇರಿ ಪಯ್ಯನಾಡಿನಲ್ಲಿ ಸಂತೋಷ್ ಟ್ರೋಫಿ ಸೆಮಿಫೈನಲ್, ಕೇರಳಕ್ಕೆ ಎದುರಾಗಿ ಕರ್ನಾಟಕ. ಇಫ್ತಾರ್ ಮುಗಿಸಿ ಬಂದ ಜನರಿಂದ ಗ್ಯಾಲರಿ ತುಂಬಿ ತುಳುಕುತ್ತಿತ್ತು. ಮೊದಲ ಗೋಲು ಹೊಡೆದದ್ದು ನಮ್ಮವರೇ. ಆಮೇಲೆ ಬದಲಿ ಆಟಗಾರನಾಗಿ ಇಳಿದ ನಿಲಂಬೂರಿನ ಟಿ.ಕೆ. ಜೆಸಿನ್ ಎಂಬ ಯುವಕ ಒಬ್ಬನೇ ಐದು ಗೋಲು ಹೊಡೆದ. ಕರ್ನಾಟಕ 7-3ರಲ್ಲಿ ಸೋತಿತು. ಟಿವಿ ಮುಂದೆ ಕೂತಿದ್ದ ನಾವು ನಾಲ್ಕನೇ ಗೋಲಿಗೇ ಎದ್ದು ಹೋಗಿದ್ದೆವು ಎಂದು ಒಪ್ಪಿಕೊಳ್ಳಬೇಕು.

ಹತ್ತು ತಿಂಗಳು ಕಳೆದಿರಬಹುದು. 2023ರ ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಸ್ಟೇಡಿಯಮ್ಮಿನಲ್ಲಿ ಅದೇ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ ಬಂದ ಕಪ್. ಸೌದಿಯಲ್ಲಿ ದುಡಿಯುವ ನಮ್ಮವರಿಗೆ ರಿಯಾದ್ ಎಂದರೆ ನೆರೆಯ ಊರಿದ್ದಂತೆ. ಆ ರಾತ್ರಿ ಅಲ್ಲಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ವಾಯ್ಸ್ ಮೆಸೇಜುಗಳಲ್ಲಿ ಗಂಟಲು ಒಡೆದಿತ್ತು. ಏಳು ಗೋಲು ತಿಂದ ದಿನವೇ ಎಲ್ಲವನ್ನೂ ಮುಚ್ಚಿಟ್ಟು ಮನೆಗೆ ಹೋಗಿದ್ದರೆ ಆ ಕಪ್ ಬರುತ್ತಿತ್ತೇ?

ಹೆಗಲ ಮೇಲೆ ಹೊತ್ತವರು ಕೇಳದ ಪ್ರಶ್ನೆ

ಈಗ ಮತ್ತೆ ನಮ್ಮ ಬಸ್ಸಿಗೆ ಬರೋಣ. ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಮಲಗಿದ್ದ ಆ ಫಾರ್ವರ್ಡ್ ಬಗ್ಗೆ ಹೇಳಬೇಕು. ಹೆಸರು ಬೇಡ, ಅವನಿಗೆ ಇಷ್ಟವಿಲ್ಲ.

ಜಿಲ್ಲೆಯ ಫೈನಲ್‌ನಲ್ಲಿ ಎರಡು ಗೋಲು ಹೊಡೆದವನು ಅವನೇ. ಮೆರವಣಿಗೆಯ ಪಿಕಪ್ಪಿನಲ್ಲಿ ಎಲ್ಲರಿಗಿಂತ ಮೇಲೆ ನಿಂತವನು. ಆ ವರ್ಷ ಅವನು ಕಾಲೇಜಿಗಾಗಿ ಆಡಿದ, ಊರಿನ ಕ್ಲಬ್ಬಿಗಾಗಿ ಆಡಿದ, ಕರೆದ ಕಡೆಗೆಲ್ಲ ಸೆವೆನ್ಸ್ ಆಡಲು ಹೋದ. ರಾತ್ರಿ ಫ್ಲಡ್‌ಲೈಟಿನಲ್ಲಿ ಆಟ, ಬೆಳಿಗ್ಗೆ ಕ್ಲಾಸಿನಲ್ಲಿ ನಿದ್ದೆ. ಹಾಜರಾತಿ ಕಡಿಮೆ ಬಿತ್ತು. ಎರಡು ಪೇಪರು ಬಾಕಿ ಉಳಿಯಿತು. ಮೊಣಕಾಲು ಸರಿಯಾಗುವ ಮೊದಲೇ ಊರಿನ ಟೂರ್ನಮೆಂಟಿಗೆ ಮತ್ತೆ ಇಳಿಸಿದರು. “ನೀನಿಲ್ಲದಿದ್ದರೆ ಆಗುವುದಿಲ್ಲ ಮಾರಾಯ” ಎಂದರು. ಅಲ್ಲಿಗೆ ಮೊಣಕಾಲು ಪೂರ್ತಿ ಹೋಯಿತು. ಡಿಗ್ರಿಯೂ ಹೋಯಿತು. ಬಾಪನ ಕಡೆಯಿಂದ ಗಲ್ಫಿನ ವೀಸಾ ಬಂತು, ಹೋದ. ಕೆಲವು ವರ್ಷ ದುಡಿದು ವಾಪಸು ಬಂದು ಈಗ ಗೂಡ್ಸ್ ಟೆಂಪೊ ಓಡಿಸುತ್ತಾನೆ.

ಅವನ ಉಮ್ಮ ಒಮ್ಮೆ ನಮ್ಮ ಹತ್ತಿರ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಹೆಗಲ ಮೇಲೆ ಹೊತ್ತುಕೊಂಡು ಮನೆವರೆಗೆ ಬಂದರಲ್ಲ ಅಷ್ಟು ಜನ, ಅದರಲ್ಲಿ ಒಬ್ಬರಾದರೂ ‘ಪರೀಕ್ಷೆ ಎಂತ ಆಯ್ತು ಮೋನೇ’ ಎಂದು ಕೇಳಿದರಾ?”

ಕೇಳಲಿಲ್ಲ. ಅವನ ಜೊತೆ ಆಡಿದ ನಾವೂ ಕೇಳಲಿಲ್ಲ.

ನಮ್ಮ ಹಲವು ಮನೆಗಳಲ್ಲಿ ಫುಟ್ಬಾಲ್ ಎಂದರೆ ಈಗಲೂ ಜಗಳ. ಮಗ ಹಾಳಾಗುತ್ತಾನೆ ಎಂಬ ಹೆದರಿಕೆ ಬಾಪನಿಗೆ. ಆ ಹೆದರಿಕೆ ಸುಮ್ಮನೆ ಬಂದದ್ದಲ್ಲ, ಇಂಥ ಮೊಣಕಾಲುಗಳನ್ನು ನೋಡಿ ಬಂದದ್ದು. ಅತ್ತ ಹುಡುಗನಿಗೆ ಚೆಂಡು ಬಿಟ್ಟರೆ ಬೇರೆ ಲೋಕ ಇಲ್ಲ. ಇಬ್ಬರ ಮಾತೂ ಸರಿ. ನಡುವೆ ನಿಂತು ದಾರಿ ತೋರಿಸಬೇಕಾದವರು ಅಭಿಮಾನಿಗಳು. ನಮ್ಮ ಅಭಿಮಾನ ಮಾತ್ರ ಪಟಾಕಿಯಲ್ಲೇ ಮುಗಿಯುತ್ತದೆ.

ನಾವು ಮಾಡಬಹುದಾದದ್ದು

ದೊಡ್ಡ ಸ್ಟೇಡಿಯಂ ಕಟ್ಟಿಸಿ ಎಂದು ಇಲ್ಲಿ ಬರೆಯುವುದು ಸುಲಭ. ಅದು ಸರಕಾರದ ಕೆಲಸ, ಆಗುವಾಗ ಆಗಲಿ. ಮನೆಯಿಂದ, ಮೊಹಲ್ಲಾದಿಂದ ಆಗುವುದು ನಾಲ್ಕು ಕೆಲಸ ಉಂಟು.

ಒಂದು, ನಿಮ್ಮ ಊರಿನ ಹುಡುಗ ಯಾವ ಕಾಲೇಜಿಗೆ ಆಡುತ್ತಾನೋ ಆ ಕಾಲೇಜಿನ ಹೆಸರು ತಿಳಿದುಕೊಳ್ಳಿ. ಅವನು ಬಿಟ್ಟು ಹೋದ ಮೇಲೂ ಆ ತಂಡದ ಪಂದ್ಯ ನೋಡಲು ಬನ್ನಿ. ಅವನ ನಂತರ ಆ ಜೆರ್ಸಿ ಹಾಕುವವನು ಬೇರೆ ಊರಿನವನಾಗಿರಬಹುದು, ಬೇರೆ ಧರ್ಮದವನಾಗಿರಬಹುದು. ಮೈದಾನದಲ್ಲಿ ಪಾಸ್ ಕೊಡುವಾಗ ಯಾರೂ ಅದನ್ನು ಕೇಳುವುದಿಲ್ಲ.

ಎರಡು, ಊರಿನ ಕ್ಲಬ್ಬುಗಳು ಕಾಲೇಜು ಹುಡುಗನನ್ನು ಪರೀಕ್ಷೆಯ ತಿಂಗಳಲ್ಲಿ ಕರೆಯಬಾರದು. ಗಾಯ ಇದ್ದರೆ ಡಾಕ್ಟರು ಹೇಳದೆ ಇಳಿಸಬಾರದು. ಒಂದು ಕಪ್ ಹೋದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ, ಮೊಣಕಾಲು ಹಾಗಲ್ಲ. ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡಲು 25 ವರ್ಷದವರೆಗೆ ಅವಕಾಶ ಉಂಟು, ಆದರೆ ಅಲ್ಲಿಯವರೆಗೆ ಅವನು ವಿದ್ಯಾರ್ಥಿಯಾಗಿ ಉಳಿದಿರಬೇಕು.

ಮೂರು, ಪಿಯುಸಿ ಮುಗಿಸಿದ ಒಳ್ಳೆಯ ಆಟಗಾರನ ಬಾಪ–ಉಮ್ಮ ಕಾಲೇಜಿಗೆ ಸೇರಿಸುವ ಮೊದಲು ಕ್ರೀಡಾ ಕೋಟಾದ ಸೀಟು ಉಂಟೋ, ಫೀಸು ಕಡಿಮೆ ಮಾಡುತ್ತಾರೋ, ಪಂದ್ಯಕ್ಕೆ ಹೋದ ದಿನದ ಹಾಜರಾತಿ ಕೊಡುತ್ತಾರೋ ಎಂದು ಮೂರು ಪ್ರಶ್ನೆ ಕೇಳಲಿ. ಬಾಯಿಮಾತು ಬೇಡ, ಬರಹದಲ್ಲಿ ಪಡೆಯಲಿ. ಆಟ ಗೊತ್ತಿರುವ ಊರಿನವರೊಬ್ಬರು ಜೊತೆಗೆ ಹೋದರೆ ಇನ್ನೂ ಒಳ್ಳೆಯದು.

ನಾಲ್ಕು, ಹಳೆಯ ಆಟಗಾರರು ಬರೆದಿಡಲಿ. ಯಾವ ವರ್ಷ, ಯಾವ ಕಾಲೇಜು, ಯಾರ್ಯಾರು ಆಡಿದರು, ಎಷ್ಟು ಗೋಲು. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಇಲ್ಲದಿದ್ದರೆ ನಮ್ಮ ಗೆಲುವುಗಳೂ ಬೆಂಗಳೂರು ಮುಸ್ಲಿಮ್ಸ್‌ನಂತೆ ಯಾರಿಗೂ ನೆನಪಿಲ್ಲದೆ ಹೋಗುತ್ತವೆ.

ಬೆಳಗಿನ ಚಹಾ

ಕೆಲವು ತಿಂಗಳ ಹಿಂದೆ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುತ್ತಿದ್ದೆವು. ಮಂಡ್ಯ ದಾಟಿದ ಮೇಲೆ ಕಿಟಕಿಯಲ್ಲಿ ಹನಕೆರೆ ಸ್ಟೇಷನ್ನಿನ ಬೋರ್ಡು ಕಂಡಿತು. ನಮ್ಮ ರೈಲು ಅಲ್ಲಿ ನಿಲ್ಲಲಿಲ್ಲ. ಕಬ್ಬು ಹಾಗೆಯೇ ಇತ್ತು. ಚಹಾ ಕೊಡಿಸಿದ ಆ ಹುಡುಗರಿಗೂ ಈಗ ನಮ್ಮ ಹಾಗೆ ತಲೆ ನರೆತಿರಬೇಕು. ಆ ಫಾರ್ವರ್ಡ್‌ಗೆ ಫೋನ್ ಮಾಡಿ ಹೇಳಿದೆವು. ಆಚೆಯಿಂದ ಅವನು ನಕ್ಕ.

ಅವನು ಇತ್ತೀಚೆಗೆ ಮಾಡುವ ಒಂದು ಕೆಲಸ ನಮಗೆ ಬೇರೆಯವರಿಂದ ತಿಳಿಯಿತು. ಊರಿನ ಹುಡುಗರು ಹೊರಜಿಲ್ಲೆಗೆ ಆಡಲು ಹೋದರೆ ಫಲಿತಾಂಶ ಏನೆಂದು ಫೋನಿನಲ್ಲಿ ಕೇಳಿ ಇಟ್ಟುಕೊಳ್ಳುತ್ತಾನೆ. ಗೆದ್ದರೆ ಮನೆಯಲ್ಲೇ ಇರುತ್ತಾನೆ. ಕರೆದುಕೊಂಡು ಬರಲು ಬೇರೆ ಜನ ಇರುತ್ತಾರಲ್ಲ. ಸೋತರೆ ಮಾತ್ರ ಸುಬ್ಹಿ ನಮಾಝ್ ಮುಗಿಸಿ, ಮನೆಯಿಂದ ದೊಡ್ಡ ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು, ಟೆಂಪೊ ಹೊರಡಿಸಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಾನೆ. ಹುಡುಗರ ಬ್ಯಾಗುಗಳನ್ನು ಟೆಂಪೊಗೆ ಹಾಕಿ, ಒಬ್ಬೊಬ್ಬರಿಗೂ ಚಹಾ ಕೊಟ್ಟು, ಮೊದಲು ಕೇಳುವುದು ಆಟದ ಬಗ್ಗೆ ಅಲ್ಲವಂತೆ.

“ಪರೀಕ್ಷೆ ಯಾವಾಗ ಮೋನೇ?” ಎಂದು ಕೇಳುತ್ತಾನಂತೆ.